ಕೀಲೆಣ್ಣೆಯ ಹೊಸ ಅವತಾರ

ಬೆಂಗಳೂರಿನ ತೆಂಕಣ ಸೀಮೆಯು ಒಂದು ಕಾಲಕ್ಕೆ ಕೆರೆಗಳ, ರಾಗಿಯ ಹೊಲಗಳ, ಹೊಂಗೆಯ ತೋಪುಗಳ ನಾಡಾಗಿದ್ದಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ, ಸಾರಕ್ಕಿ, ಯಡಿಯೂರು ಮೊದಲಾದ ಹಳ್ಳಿಗಳಿಂದ ಸೊಪ್ಪು ತರಕಾರಿಗಳನ್ನು ಹೇರಿಕೊಂಡು ಪೇಟೆಗೆ ಹೊರಡುತ್ತಿದ್ದ ಎತ್ತಿನ ಗಾಡಿಗಳ ಕೆಳಗೆ ಒಂದು ಬಿದಿರಿನ ಅಂಡೆ ತೂಗುತ್ತಿದ್ದಿತು. ಅದರೊಳಗಿನ ವಸ್ತುವಿಗೆ ಕೀಲೆಣ್ಣೆ ಎಂದು ಹೆಸರು. ಹರಳೆಣ್ಣೆಯನ್ನು ಗಾಡಿಯ ಅಚ್ಚಿಗೆ ಬಳಿಯದೆ ಯಾವ ರೈತನೂ ದೂರದ ದಾರಿ ಹಿಡಿಯುತ್ತಿರಲಿಲ್ಲ. ಎಣ್ಣೆ ಕಾಣದ ಗಾಲಿ ಮೊದಲು ಕಿರುಗುಟ್ಟುತ್ತದೆ, ಆಮೇಲೆ ಬಿಸಿಯಾಗುತ್ತದೆ, ಕಡೆಗೆ ಸವೆದು ನಡುದಾರಿಯಲ್ಲಿ ಕೈಕೊಡುತ್ತದೆ. ಈ ಮೂರು ಹಂತಗಳನ್ನು ಹಳ್ಳಿಯ ಹುಡುಗನೂ ಅರಿತಿದ್ದನು.

ಆ ಗಾಡಿಗಳು ಹೋದುವು. ಹಳ್ಳಿಗಳು ಹೆಸರಿನಲ್ಲಿ ಮಾತ್ರ ಉಳಿದುವು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಅದರ ಬೆನ್ನ ಹಿಂದೆಯೇ ನಗರವು ಒಂದೊಂದೇ ಹೆಜ್ಜೆಯಿಟ್ಟು ಬನಶಂಕರಿಯನ್ನೂ, ಜಯಪ್ರಕಾಶ ನಾರಾಯಣರ ಹೆಸರನ್ನು ಹೊತ್ತ ಜೆ.ಪಿ. ನಗರವನ್ನೂ ತನ್ನ ತೆಕ್ಕೆಗೆ ತೆಗೆದುಕೊಂಡಿತು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರಗಳು ಕೂಡಿ ಬಿ.ಟಿ.ಎಂ. ಬಡಾವಣೆಯಾಯಿತು. ಕೆರೆಯ ಏರಿ ಇದ್ದಲ್ಲಿ ಹೊರವರ್ತುಲ ರಸ್ತೆ, ರಾಗಿಯ ಕಣವಿದ್ದಲ್ಲಿ ಅಂಗಡಿ ಸಾಲು. ಆದರೆ ಕೀಲೆಣ್ಣೆಯ ಚಿಂತೆ ಮಾತ್ರ ಈ ಬೀದಿಗಳನ್ನು ಬಿಟ್ಟು ಹೋಗಲಿಲ್ಲ. ಅದು ಗಾಡಿಯ ಅಚ್ಚಿನಿಂದ ಇಳಿದು ಲಾರಿಯ ಡೀಸೆಲ್ ತೊಟ್ಟಿಯನ್ನು ಸೇರಿತು, ಅಷ್ಟೇ.

ಲಾರಿಯ ಚಾಲಕರಲ್ಲಿ ಬಹುಕಾಲದಿಂದ ಒಂದು ಪದ್ಧತಿ ನಡೆದುಬಂದಿದೆ. ತೊಟ್ಟಿಗೆ ಡೀಸೆಲ್ ತುಂಬಿಸಿದ ಮೇಲೆ ಮೇಲಿಂದ ಒಂದಿಷ್ಟು ಎಣ್ಣೆಯನ್ನು ಸುರಿಯುವುದು. ಕೆಲವರು ದ್ವಿಚಕ್ರ ವಾಹನಗಳಿಗೆಂದು ಮಾಡಿದ ಟೂ-ಸ್ಟ್ರೋಕ್ ಎಣ್ಣೆಯನ್ನು ಹಾಕುತ್ತಾರೆ. ಕೆಲವರು ಹೊಸ ಎಂಜಿನ್ ಎಣ್ಣೆಯನ್ನು ಹಾಕುತ್ತಾರೆ. ಕೈ ಬಿಗಿಯಿದ್ದವರು ಎಂಜಿನ್ನಿನಿಂದ ಇಳಿಸಿದ ಹಳೆಯ ಕರಿ ಎಣ್ಣೆಯನ್ನೇ ಬಟ್ಟೆಯಲ್ಲಿ ಸೋಸಿ ಸುರಿಯುವುದುಂಟು. “ಪಂಪಿಗೆ ತಂಪು, ಇಂಜಿನ್ನಿಗೆ ನಯ” ಎಂಬುದು ಅವರ ಸಮರ್ಥನೆ. ಇದು ಬರಿಯ ಮೂಢನಂಬಿಕೆಯೇ, ಅಥವಾ ಇದರಲ್ಲಿ ತಿರುಳೂ ಉಂಟೇ? ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ದಕ್ಷಿಣ ಬೆಂಗಳೂರಿಗಿಂತ ಉಚಿತವಾದ ಸ್ಥಳ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ.

ಪಯಣವನ್ನು ಕನಕಪುರ ರಸ್ತೆಯ ಬನಶಂಕರಿ ಅಮ್ಮನ ಗುಡಿಯಿಂದ ಆರಂಭಿಸಬಹುದು. 1915ರಲ್ಲಿ ನೆಲೆಗೊಂಡ ಈ ಗುಡಿಯಲ್ಲಿ ಮಂಗಳವಾರ, ಶುಕ್ರವಾರ, ಭಾನುವಾರಗಳ ರಾಹುಕಾಲದಲ್ಲಿ ಒಂದು ವಿಶೇಷ ಸೇವೆ ನಡೆಯುತ್ತದೆ. ಭಕ್ತರು ನಿಂಬೆಯ ಹಣ್ಣನ್ನು ಹೋಳು ಮಾಡಿ, ರಸವನ್ನು ಹಿಂಡಿ ತೆಗೆದು, ಸಿಪ್ಪೆಯನ್ನು ಒಳಹೊರಗು ಮಾಡಿ ಹಣತೆಯಾಗಿಸಿ ದೀಪ ಹಚ್ಚುತ್ತಾರೆ. ಹಣತೆ ಅಂಗೈಯಷ್ಟು ಸಹ ಇಲ್ಲ. ಆದರೂ ಅದರಲ್ಲಿ ಒಂದು ಪಾಠವಿದೆ. ಬತ್ತಿಯ ಮೂಲಕ ಮೆಲ್ಲಮೆಲ್ಲನೆ ಏರಿ ಬಂದ ಎಣ್ಣೆ ನಿಧಾನವಾಗಿ ಉರಿಯುತ್ತದೆ. ಅದೇ ಎಣ್ಣೆಯನ್ನು ಕಣ್ಣಿಗೆ ಕಾಣದ ತುಂತುರಾಗಿಸಿ ಕಾದ ಗಾಳಿಗೆ ಚಿಮ್ಮಿಸಿದರೆ ಕ್ಷಣಮಾತ್ರದಲ್ಲಿ ಭುಗಿಲೆನ್ನುತ್ತದೆ. ಮೊದಲನೆಯದು ದೇವಿಯ ಮುಂದಣ ದೀಪ. ಎರಡನೆಯದು ಗುಡಿಯ ಮುಂದೆ ಗುಡುಗಿಕೊಂಡು ಹೋಗುವ ಲಾರಿಯ ಎಂಜಿನ್.

ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ತೋರಿಸಿಕೊಟ್ಟದ್ದು ಈ ಎರಡನೆಯ ಬಗೆಯ ಉರಿಯನ್ನೇ. ಎಂಜಿನ್ನಿನ ಉರುಳೆಯಲ್ಲಿ ಗಾಳಿಯನ್ನು ಅದರ ಗಾತ್ರದ ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದರೆ ಅದು 500 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿ ಕಾಯುತ್ತದೆ. ಆಗ ಇಂಧನವನ್ನು ಚಿಮ್ಮಿಸಿದರೆ ಕಿಡಿಯ ಹಂಗಿಲ್ಲದೆ ಉರಿ ಹೊತ್ತುತ್ತದೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಇಂತಹ ಒಂದು ಸಣ್ಣ ಎಂಜಿನ್ನು ಕಡಲೆಕಾಯಿ ಎಣ್ಣೆಯಿಂದ ಓಡಿತು. ನೋಡಿದವರಲ್ಲಿ ಅನೇಕರಿಗೆ ಅದು ಬೇರೆ ಎಣ್ಣೆಯೆಂಬ ಗುಮಾನಿಯೂ ಬರಲಿಲ್ಲವಂತೆ. ಜಯನಗರಕ್ಕೆ ಕೂಗಳತೆಯ ದೂರದ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನೆರೆಯುತ್ತದೆ. ರಾಶಿರಾಶಿಯಾಗಿ ಬಿದ್ದ ಆ ಕಾಯಿಗಳೂ ಬೀದಿಯ ಲಾರಿಗಳೂ ಇಷ್ಟು ಹತ್ತಿರದ ನೆಂಟರೆಂದು ಪರಿಷೆಗೆ ಬಂದವರಲ್ಲಿ ಎಷ್ಟು ಮಂದಿಗೆ ತಿಳಿದೀತು!

ಬನಶಂಕರಿಯಿಂದ ಪೂರ್ವಕ್ಕೆ ತಿರುಗಿ ಹೊರವರ್ತುಲ ರಸ್ತೆಯನ್ನು ಹಿಡಿದರೆ ಸಾರಕ್ಕಿ, ಜೆ.ಪಿ. ನಗರಗಳನ್ನು ಹಾದು ಬಿ.ಟಿ.ಎಂ. ಬಡಾವಣೆ, ಅದರಾಚೆ ಕೇಂದ್ರ ರೇಷ್ಮೆ ಮಂಡಳಿಯ ಕೂಡುರಸ್ತೆ. ಊರ ಮಂದಿಯ ಬಾಯಲ್ಲಿ ಅದು ಸಿಲ್ಕ್ ಬೋರ್ಡ್. ಇಲ್ಲಿ ಹೊರವರ್ತುಲ ರಸ್ತೆಯೂ ಹೊಸೂರು ರಸ್ತೆಯೂ ಸೇರುತ್ತವೆ. ಇಟ್ಟಿಗೆ, ಜಲ್ಲಿ, ಕಬ್ಬಿಣ, ತರಕಾರಿ, ಹಾಲು ಎಲ್ಲವನ್ನೂ ಹೊತ್ತ ವಾಹನಗಳು ಇಲ್ಲಿ ಆಮೆಯ ನಡಿಗೆಯನ್ನು ಕಲಿಯುತ್ತವೆ. ನಿಂತಲ್ಲಿಯೇ ಗುರುಗುಟ್ಟುವ ಎಂಜಿನ್ನುಗಳು ಉಗುಳುವ ಹೊಗೆಯನ್ನು ಉಸಿರಾಡುವವರು ಚಾಲಕರಷ್ಟೇ ಅಲ್ಲ. ಬಸ್ಸಿಗೆ ಕಾದಿರುವ ಮುದುಕಿ, ಶಾಲೆಯ ಮಗು, ರಸ್ತೆಯಂಚಿನ ಹೂವಾಡಗಿತ್ತಿ ಎಲ್ಲರೂ ಆ ಉಸಿರಿಗೆ ಪಾಲುದಾರರು. ಆದುದರಿಂದ ಡೀಸೆಲ್ ತೊಟ್ಟಿಯಲ್ಲಿ ಏನಿದೆ ಎಂಬುದು ಲಾರಿಯ ಒಡೆಯನೊಬ್ಬನ ಖಾಸಗಿ ವ್ಯವಹಾರವಾಗಿ ಉಳಿಯುವುದಿಲ್ಲ.

ಕೂಡುರಸ್ತೆಯಿಂದ ಮಡಿವಾಳದ ಮೂಲಕ ಉತ್ತರಕ್ಕೆ ಹೊರಟರೆ ಆಡುಗೋಡಿ ಸಿಗುತ್ತದೆ. ಭಾರತದ ಡೀಸೆಲ್ ವಾಹನಗಳ ಚರಿತ್ರೆಯಲ್ಲಿ ಆಡುಗೋಡಿಗೆ ಒಂದು ದೊಡ್ಡ ಸ್ಥಾನವಿದೆ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಜನರ ಬಾಯಿಯ ‘ಮೈಕೋ’, ಇಲ್ಲಿಯೇ ತನ್ನ ಕಾರಖಾನೆಯನ್ನು ತೆರೆದು ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಎಂಜಿನ್ನುಗಳ ಪಂಪು, ಇಂಜೆಕ್ಟರುಗಳನ್ನೂ ತಯಾರಿಸಿತು. ಇದರ ಮೂಲಸಂಸ್ಥೆಯಾದ ಜರ್ಮನಿಯ ಬಾಷ್ 1927ರಲ್ಲಿಯೇ ಡೀಸೆಲ್ ಪಂಪುಗಳನ್ನು ಹೇರಳವಾಗಿ ತಯಾರಿಸಲು ಮೊದಲುಮಾಡಿದ್ದಿತು. ಬೆಂಗಳೂರಿನ ಎಷ್ಟೋ ಮನೆಗಳ ಒಲೆ ಉರಿದದ್ದು ಮೈಕೋ ಸಂಬಳದಿಂದ, ಬಿ.ಟಿ.ಎಂ. ಬಡಾವಣೆಯ ಒಂದು ಭಾಗಕ್ಕೆ ಇಂದಿಗೂ ಮೈಕೋ ಲೇಔಟ್ ಎಂದೇ ಹೆಸರು. ಕಂಪನಿ 2008ರಲ್ಲಿ ಬಾಷ್ ಎಂದು ಹೆಸರನ್ನು ಬದಲಿಸಿಕೊಂಡಿತು. ತಯಾರಿಕೆಯು ಬಿಡದಿಯ ಕಡೆಗೆ ಸಾಗಿತು. ಆಡುಗೋಡಿಯ ಆವರಣದಲ್ಲಿ 2022ರಲ್ಲಿ ಹೊಸ ತಾಂತ್ರಿಕ ಕೇಂದ್ರವೊಂದು ಉದ್ಘಾಟನೆಯಾಯಿತು.

ಚಾಲಕರ ಪದ್ಧತಿಯ ಗುಟ್ಟು ಅಡಗಿರುವುದು ಆ ಪಂಪಿನಲ್ಲಿಯೇ. ಡೀಸೆಲ್ ಪಂಪಿನೊಳಗೆ ಒಂದು ಉಕ್ಕಿನ ಕೊಂತವು ಉಕ್ಕಿನ ಗೂಡಿನೊಳಗೆ ಮೇಲೆ ಕೆಳಗೆ ಆಡುತ್ತದೆ. ಇವೆರಡರ ನಡುವಣ ಸಂದು ಎರಡು ಮೂರು ಮೈಕ್ರಾನು ಮಾತ್ರ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನು ಎಂದರೆ ಆ ಸಂದಿನ ಸೂಕ್ಷ್ಮತೆಯನ್ನು ಓದುಗರು ಊಹಿಸಿಕೊಳ್ಳಬಹುದು. ಅಲ್ಲಿಗೆ ಬೇರೆ ಎಣ್ಣೆಯನ್ನು ಬಿಡಲು ಎಡೆಯಿಲ್ಲ. ಡೀಸೆಲೇ ಉರಿಯುವ ಇಂಧನ, ಡೀಸೆಲೇ ಕೀಲೆಣ್ಣೆ! ಡೀಸೆಲಿನ ಜಿಡ್ಡು ಕಡಿಮೆಯಾಯಿತೆಂದರೆ ಉಕ್ಕು ಉಕ್ಕನ್ನು ತಿನ್ನಲು ತೊಡಗುತ್ತದೆ. ಹಳೆಯ ಪಂಪುಗಳ ಒತ್ತಡ ಕೆಲವು ನೂರು ವಾಯುಭಾರಗಳಷ್ಟಿದ್ದರೆ, ಇಂದಿನ ‘ಕಾಮನ್ ರೈಲ್’ ಪದ್ಧತಿಯಲ್ಲಿ ಅದು 1,600ರಿಂದ 2,000 ವಾಯುಭಾರಗಳವರೆಗೆ, ಕೆಲವೆಡೆ ಅದಕ್ಕೂ ಮೇಲಕ್ಕೆ ಏರುತ್ತದೆ. ಒತ್ತಡ ಏರಿದಷ್ಟೂ ಎಣ್ಣೆಯ ನಯದ ಅಗತ್ಯವೂ ಏರಿತು.

ವಿಧಿಯ ವಿನೋದವೆಂದರೆ, ಪಂಪಿಗೆ ನಯ ಹೆಚ್ಚು ಬೇಕಾದ ಕಾಲಕ್ಕೇ ಡೀಸೆಲಿನ ನಯ ಕಡಿಮೆಯಾಯಿತು. ಇದಕ್ಕೆ ಕಾರಣ ಗಂಧಕ. ಡೀಸೆಲಿನಲ್ಲಿರುವ ಗಂಧಕ ಉರಿದು ಹೊಗೆಯನ್ನು ವಿಷವಾಗಿಸುತ್ತದೆ; ಹೊಗೆಯನ್ನು ಶುದ್ಧಿಮಾಡುವ ಸಾಧನಗಳನ್ನೂ ಕೆಡಿಸುತ್ತದೆ. ಆದುದರಿಂದ ಸರಕಾರಗಳು ಅದನ್ನು ಹಂತಹಂತವಾಗಿ ಕಡಿಮೆಮಾಡುತ್ತ ಬಂದುವು. 2010ರ ಏಪ್ರಿಲಿನಲ್ಲಿ ಬೆಂಗಳೂರು ಸೇರಿ 13 ನಗರಗಳಲ್ಲಿ ಭಾರತ್ ಸ್ಟೇಜ್-4 ನಿಯಮ ಬಂದಾಗ ಹತ್ತು ಲಕ್ಷ ಪಾಲು ಡೀಸೆಲಿನಲ್ಲಿ ಗಂಧಕ 50 ಪಾಲಿಗೆ ಇಳಿಯಿತು. ಹೊರಗಿನ ಊರುಗಳಲ್ಲಿ ಅದು 350 ಪಾಲಿನವರೆಗೆ ಇರಬಹುದಾಗಿದ್ದಿತು. 2017ರಲ್ಲಿ 50ರ ನಿಯಮವು ದೇಶಕ್ಕೆಲ್ಲ ಅನ್ವಯಿಸಿತು. 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6ರ ಮೇರೆಗೆ ಮಿತಿಯು 10 ಪಾಲಿಗೆ ಬಂದು ನಿಂತಿತು.

ಗಂಧಕಕ್ಕೆ ಸ್ವತಃ ಜಿಡ್ಡಿಲ್ಲ. ಆದರೆ ಜಲಜನಕದ ನೆರವಿನಿಂದ ಗಂಧಕವನ್ನು ತೆಗೆಯುವಾಗ ಡೀಸೆಲಿನಲ್ಲಿ ಸಹಜವಾಗಿದ್ದ ಕೆಲವು ವಸ್ತುಗಳೂ ಅದರೊಡನೆಯೇ ನಾಶವಾಗುತ್ತವೆ. ಲೋಹದ ಮೈಗೆ ಅಂಟಿಕೊಂಡು ತೆಳುವಾದ ಪೊರೆಯನ್ನು ಕಟ್ಟುತ್ತಿದ್ದವು ಅವೇ. 1990ರ ದಶಕದ ಆದಿಯಲ್ಲಿ ಸ್ವೀಡನ್ ದೇಶವು ಗಂಧಕ ಅತ್ಯಲ್ಪವಾದ ಡೀಸೆಲನ್ನು ತಂದಾಗ ಅಲ್ಲಿ ಪಂಪುಗಳು ಅಕಾಲದಲ್ಲಿ ಸವೆದುವು. ಜಗತ್ತು ಆ ಪಾಠವನ್ನು ಕಲಿತಿತು. ಅಂದಿನಿಂದ ಡೀಸೆಲಿನ ನಯವನ್ನು ಅಳೆಯುವ ಪರೀಕ್ಷೆಯೊಂದು ರೂಢಿಗೆ ಬಂದಿತು. 6 ಮಿಲಿಮೀಟರಿನ ಉಕ್ಕಿನ ಗುಂಡೊಂದನ್ನು 60 ಡಿಗ್ರಿ ಬಿಸಿಯ ಡೀಸೆಲಿನಲ್ಲಿ ಮುಳುಗಿದ ಉಕ್ಕಿನ ಬಿಲ್ಲೆಯ ಮೇಲೆ 75 ನಿಮಿಷ ಉಜ್ಜುತ್ತಾರೆ. ಗುಂಡಿನ ಮೇಲೆ ಬಿದ್ದ ಸವೆತದ ಗಾಯ 460 ಮೈಕ್ರಾನನ್ನು ಮೀರಬಾರದು. ಭಾರತದ ಡೀಸೆಲಿನ ಮಾನಕವೂ ಈ ಮಿತಿಯನ್ನೇ ಅಂಗೀಕರಿಸಿದೆ. ಈ ಮಿತಿಯನ್ನು ಮುಟ್ಟಿಸಲು ಶುದ್ಧೀಕರಣ ಕೇಂದ್ರಗಳು ಡೀಸೆಲಿಗೆ ಬಹು ಅಲ್ಪ ಪ್ರಮಾಣದಲ್ಲಿ ನಯಕಾರಕವನ್ನು ಬೆರೆಸಿಯೇ ಕಳುಹಿಸುತ್ತವೆ. ಆ ನಯಕಾರಕಗಳಲ್ಲಿ ಅನೇಕವು ಸಸ್ಯಜನ್ಯವಾದ ಕೊಬ್ಬಿನಾಮ್ಲಗಳು. ಅಂದರೆ ಹಳ್ಳಿಯ ಹರಳೆಣ್ಣೆಯ ಜ್ಞಾತಿಗಳೇ!

ಇಂತಿರಲು ಲಾರಿಯ ಚಾಲಕನ ಊಹೆ ತಪ್ಪಲ್ಲ. ಅವನ ರೋಗನಿದಾನ ಸರಿಯಾಗಿಯೇ ಇದೆ. ಪೆಚ್ಚಾಗುವುದು ಮದ್ದಿನಲ್ಲಿ. ಈ ಪದ್ಧತಿ ಬಲಿತದ್ದಕ್ಕೆ ಮತ್ತೊಂದು ಹಿನ್ನೆಲೆಯೂ ಉಂಟು. ಪಡಿತರದ ನೀಲಿ ಸೀಮೆಎಣ್ಣೆ ಅಗ್ಗವಾಗಿದ್ದ ಕಾಲದಲ್ಲಿ ಅದನ್ನು ಡೀಸೆಲಿಗೆ ಬೆರೆಸುವ ವಂಚನೆ ದೇಶದ ಉದ್ದಗಲಕ್ಕೂ ನಡೆಯುತ್ತಿದ್ದಿತು. ಸೀಮೆಎಣ್ಣೆ ತೆಳು, ಅದರಲ್ಲಿ ಜಿಡ್ಡಿಲ್ಲ. ಅದರ ಕೊರತೆಯನ್ನು ತುಂಬಲು ಎಂಜಿನ್ ಎಣ್ಣೆಯನ್ನು ಸುರಿಯುವುದು ಒಂದು ಕಳ್ಳತನಕ್ಕೆ ಇನ್ನೊಂದು ತೇಪೆ ಹಚ್ಚಿದಂತೆ. ಹಳೆಯ ಎಂಜಿನ್ನುಗಳು ಗಟ್ಟಿಜೀವಗಳು. ಕಪ್ಪು ಹೊಗೆಯನ್ನು ಕಾರಿಕೊಂಡು ಎಲ್ಲವನ್ನೂ ಸಹಿಸಿದುವು. ಅಮೆರಿಕದಲ್ಲಿ ಕೆಲವು ಎಂಜಿನ್ ತಯಾರಕರೇ ಬಳಸಿದ ಎಣ್ಣೆಯನ್ನು ಸೋಸಿ, ಅಲ್ಪಾಂಶವನ್ನು ಡೀಸೆಲಿಗೆ ಬೆರೆಸುವ ಸಾಧನಗಳನ್ನು ಅಳವಡಿಸಿದ್ದ ಕಾಲವೂ ಇದ್ದಿತು.

ಆ ಕಾಲ ಮುಗಿಯಿತು. ಇಂದಿನ ಲಾರಿಯ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜರಡಿಯೊಂದಿದೆ. ಮಸಿ ತುಂಬಿದಾಗ ಅದನ್ನು ಬಿಸಿಮಾಡಿ ಸುಟ್ಟು ಜರಡಿಯನ್ನು ತೆರವು ಮಾಡುವ ಏರ್ಪಾಡಿದೆ. ಆದರೆ ಎಂಜಿನ್ ಎಣ್ಣೆಯಲ್ಲಿ ಕ್ಯಾಲ್ಸಿಯಂ, ಸತು, ರಂಜಕಗಳು ಇರುತ್ತವೆ. ಇವು ಉರಿದು ಬೂದಿಯಾಗುತ್ತವೆ; ಬೂದಿಯನ್ನು ಮತ್ತೆ ಸುಡಲು ಯಾರಿಗೆ ಸಾಧ್ಯ? ಅದು ಜರಡಿಯ ಕಣ್ಣುಗಳಲ್ಲಿ ಕುಳಿತು ಬಿಡುತ್ತದೆ. ರಂಜಕವು ಹೊಗೆಯನ್ನು ಶುದ್ಧಿಮಾಡುವ ಲೋಹದ ಲೇಪಕ್ಕೆ ನಂಜು. ಹಳೆಯ ಎಣ್ಣೆಯಾದರೆ ಲೋಹದ ಪುಡಿ, ಮಸಿ, ಆಮ್ಲಗಳೂ ಕೂಡಿಕೊಂಡು ಎರಡು ಮೈಕ್ರಾನಿನ ಸಂದಿಗೆ ನುಗ್ಗುತ್ತವೆ. ನಯವಾಗಲೆಂದು ಸುರಿದದ್ದು ಮರಳು ಕಾಗದದ ಕೆಲಸವನ್ನು ಮಾಡುತ್ತದೆ. ಟೂ-ಸ್ಟ್ರೋಕ್ ಎಣ್ಣೆ ಉರಿಯುವುದಕ್ಕೆಂದೇ ಮಾಡಿದ್ದಾದುದರಿಂದ ಅದರಲ್ಲಿ ಬೂದಿ ಕಡಿಮೆ. ಹಳೆಯ ವಾಹನಗಳಲ್ಲಿ ಸ್ವಲ್ಪ ನಯವನ್ನೂ ಕೊಟ್ಟೀತು. ಆದರೆ ಬಿ.ಎಸ್.-6 ವಾಹನಕ್ಕೆ ಅದನ್ನು ಹಾಕಿ ಎಂದು ಅದರ ತಯಾರಕರು ಹೇಳುವುದಿಲ್ಲ. ಜರಡಿ ಕಟ್ಟಿದ ದಿನ ಖಾತರಿಯ ಕಾಗದವೂ ಕೈಹಿಡಿಯುವುದಿಲ್ಲ. ಸಾಲಮಾಡಿ ಒಂದೇ ಲಾರಿಯನ್ನು ಕೊಂಡು ತಾನೇ ಚಾಲಕನೂ ಒಡೆಯನೂ ಆದವನಿಗೆ ಪಂಪು, ಇಂಜೆಕ್ಟರು, ಜರಡಿಗಳಲ್ಲಿ ಯಾವುದೊಂದು ಕೆಟ್ಟರೂ ತಿಂಗಳುಗಟ್ಟಲೆಯ ದುಡಿಮೆ ಕರಗಿಹೋಗುತ್ತದೆ. ಲಾರಿ ನಿಂತ ದಿನಗಳಿಗೆ ಬಾಡಿಗೆಯಿಲ್ಲ. ಸಾಲದ ಕಂತಿಗೆ ಮಾತ್ರ ಬಿಡುವಿಲ್ಲ.

ಹಾಗಾದರೆ ಸರಿಯಾದ ಕೀಲೆಣ್ಣೆ ಯಾವುದು? ಉತ್ತರಕ್ಕಾಗಿ ಮತ್ತೆ ಸಿಲ್ಕ್ ಬೋರ್ಡಿಗೆ ಮರಳಿ ಹೊಸೂರು ರಸ್ತೆಯಲ್ಲಿ ತೆಂಕಣಕ್ಕೆ ಹೋಗಬೇಕು. 2025ರ ಆಗಸ್ಟ್ 10ರಂದು ಉದ್ಘಾಟನೆಗೊಂಡ ಮೆಟ್ರೋ ಹಳದಿ ಮಾರ್ಗವು ರಾಷ್ಟ್ರೀಯ ವಿದ್ಯಾಲಯ ರಸ್ತೆಯಿಂದ ಹೊರಟು ರಾಗಿಗುಡ್ಡ, ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆಗಳನ್ನು ದಾಟಿ ಇದೇ ದಾರಿಯಲ್ಲಿ ಸಾಗುತ್ತದೆ. ಆ ಮಾರ್ಗದ ಒಂದು ನಿಲ್ದಾಣ ಹೊಂಗಸಂದ್ರ. ಹೆಸರಿನಲ್ಲಿಯೇ ಹೊಂಗೆಯ ಮರ ಕೇಳಿಸುತ್ತದೆಯಲ್ಲವೆ? ಆಗಸ್ಟ್ 10 ವಿಶ್ವ ಜೈವಿಕ ಇಂಧನ ದಿನವೆಂಬುದು ಇನ್ನೊಂದು ಸೊಗಸಾದ ಕಾಕತಾಳೀಯ.

ಹೊಂಗೆಗೆ ನಮ್ಮ ಜನ ಹೊಸಬರಲ್ಲ. ಅದರ ಸೊಪ್ಪು ಗದ್ದೆಗೆ ಗೊಬ್ಬರ. ಹಿಂಡಿ ಬೆಳೆಗೆ ರಕ್ಷೆ. ಕಹಿಯಾದ ಎಣ್ಣೆ ಹಿಂದಿನ ಕಾಲದ ಮನೆಗಳಿಗೆ ದೀಪ. ತಿನ್ನಲು ಬಾರದ ಎಣ್ಣೆಯಾದುದರಿಂದ ಅಡಿಗೆಮನೆಯೊಡನೆ ಅದಕ್ಕೆ ಜಗಳವಿಲ್ಲ. 1942ರಷ್ಟು ಹಿಂದೆಯೇ, ಯುದ್ಧದಿಂದ ಪೆಟ್ರೋಲಿಯಂ ದುರ್ಲಭವಾಗಿದ್ದಾಗ, ಭಾರತೀಯ ವಿಜ್ಞಾನಿಗಳು ದೇಶದ ಸಸ್ಯತೈಲಗಳನ್ನು ಡೀಸೆಲ್ ಎಂಜಿನ್ನುಗಳಲ್ಲಿ ಪರೀಕ್ಷಿಸಿದ್ದರು. 1990ರ ದಶಕದ ಕೊನೆಯ ವೇಳೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸರು ‘ಸೂತ್ರ’ ಎಂಬ ಯೋಜನೆಯಡಿ ಹೊಂಗೆಯೆಣ್ಣೆಯಿಂದ ಡೀಸೆಲ್ ಜನರೇಟರುಗಳನ್ನು ಓಡಿಸಿ ಹಳ್ಳಿಗಳಿಗೆ ನೀರನ್ನೂ ಬೆಳಕನ್ನೂ ಒದಗಿಸಬಹುದೆಂದು ತೋರಿಸಿಕೊಟ್ಟರು. 2009ರಲ್ಲಿ ಕರ್ನಾಟಕವು ತನ್ನದೇ ಜೈವಿಕ ಇಂಧನ ನೀತಿಯನ್ನು ರೂಪಿಸಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರಿನ ಕಾರ್ಯಕ್ರಮಗಳಲ್ಲಿ ಹೊಂಗೆ, ಬೇವು, ಹಿಪ್ಪೆ, ಸಿಮರೂಬಗಳನ್ನು ನೆಡಲಾಯಿತು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ತಲೆಯೆತ್ತಿತು. ರಾಜ್ಯದ ರಸ್ತೆ ಸಾರಿಗೆ ನಿಗಮವೂ ಕೆಲವು ಬಸ್ಸುಗಳನ್ನು ಬಯೋಡೀಸೆಲ್ ಬೆರೆಸಿ ಓಡಿಸಿ ನೋಡಿತು.

ಆದರೆ ಗಾಣದಿಂದ ತಂದ ಹೊಂಗೆಯೆಣ್ಣೆಯನ್ನು ಹಾಗೆಯೇ ಲಾರಿಯ ತೊಟ್ಟಿಗೆ ಸುರಿಯಬಹುದೆಂದು ಯಾರೂ ಭ್ರಮಿಸಬಾರದು. ಅದು ಡೀಸೆಲಿಗಿಂತ ಸುಮಾರು ಹತ್ತುಪಟ್ಟು ಮಂದ. ಮಂದವಾದ ಎಣ್ಣೆ ಸರಿಯಾಗಿ ತುಂತುರಾಗದು, ಅರೆಬರೆ ಉರಿದು ಇಂಜೆಕ್ಟರಿನ ತುದಿಯಲ್ಲಿ ಇದ್ದಿಲು ಕಟ್ಟುತ್ತದೆ, ಬಳೆಗಳು ಅಂಟಿಕೊಳ್ಳುತ್ತವೆ. ಒಂದೇ ವೇಗದಲ್ಲಿ ನಿಂತಲ್ಲಿ ಓಡುವ ಜನರೇಟರು ಎಚ್ಚರಿಕೆಯ ಆರೈಕೆಯಲ್ಲಿ ಇದನ್ನು ತಾಳಿಕೊಂಡೀತು. ಸಿಲ್ಕ್ ಬೋರ್ಡಿನಲ್ಲಿ ನಿಂತು ನಿಂತು ಹೊರಡುವ ಲಾರಿಗೆ ಅದು ಸಲ್ಲದು. ಎಣ್ಣೆಯ ಹತ್ತು ಪಾಲಿಗೆ ಮೆಥನಾಲ್ ಸುಮಾರು ಒಂದು ಪಾಲನ್ನೂ ಸ್ವಲ್ಪ ಕ್ಷಾರವನ್ನೂ ಸೇರಿಸಿ ಬೆಚ್ಚಗೆ ಕಲಕಿದರೆ ಅದು ಎರಡಾಗಿ ಒಡೆಯುತ್ತದೆ. ತಳದಲ್ಲಿ ಗ್ಲಿಸರಿನ್ ಇಳಿಯುತ್ತದೆ. ಮೇಲೆ ಡೀಸೆಲಿನಷ್ಟೇ ತೆಳುವಾದ ಬಯೋಡೀಸೆಲ್ ನಿಲ್ಲುತ್ತದೆ. ಅದನ್ನು ತೊಳೆದು, ನೀರಿನಂಶವನ್ನು ತೆಗೆದು, ಮಾನಕಕ್ಕೆ ಸರಿಹೊಂದಿಸಿದ ಮೇಲೆಯೇ ಅದು ಇಂಧನ. ಇಂತಹ ಬಯೋಡೀಸೆಲನ್ನು ನೂರಕ್ಕೆ ಎರಡು ಪಾಲು ಬೆರೆಸಿದರೆ ಸಾಕು, ಗಂಧಕದೊಡನೆ ಕಳೆದುಹೋದ ನಯ ಮರಳಿ ಬರುತ್ತದೆ. ಅದರಲ್ಲಿ ಗಂಧಕವೂ ಇಲ್ಲವೆನ್ನುವಷ್ಟು ಅಲ್ಪ, ಬೂದಿಯೂ ಅಲ್ಪ.

ಇದರ ಲೆಕ್ಕವನ್ನು ನೋಡಿದರೆ ಆಶೆಯೂ ಎಚ್ಚರವೂ ಒಟ್ಟಿಗೆ ಮೂಡುತ್ತವೆ. 300 ಲೀಟರಿನ ತೊಟ್ಟಿಗೆ ನೂರಕ್ಕೆ ಎರಡರಂತೆ 6 ಲೀಟರು ಬೇಕು. ನಾಲ್ಕು ಕಿಲೋ ಬೀಜಕ್ಕೆ ಒಂದು ಕಿಲೋ ಎಣ್ಣೆಯೆಂದು ಹಿಡಿದರೆ ಅದಕ್ಕೆ ಬೇಕಾದದ್ದು ಇಪ್ಪತ್ತೆರಡು ಇಪ್ಪತ್ತಮೂರು ಕಿಲೋ ಬೀಜ. ಚೆನ್ನಾಗಿ ಫಲ ಬಿಡುವ ಒಂದು ಮರ ಒಂದು ವರ್ಷದಲ್ಲಿ ಇಷ್ಟನ್ನು ಕೊಟ್ಟೀತು. ತೊಟ್ಟಿಯನ್ನೆಲ್ಲ ಹೊಂಗೆಯಿಂದಲೇ ತುಂಬುವುದಾದರೆ ಅಂತಹ ಐವತ್ತು ಮರಗಳ ವರ್ಷದ ಫಲ ಒಂದೇ ಸಲಕ್ಕೆ ಮುಗಿಯುತ್ತದೆ. ಡೀಸೆಲಿನ ಬದಲಿಗೆ ಹೊಂಗೆ ಎಂದವರು ಈ ಗಣಿತದ ಮುಂದೆ ಸೋತರು. 2018ರ ರಾಷ್ಟ್ರೀಯ ನೀತಿಯು 2030ರ ವೇಳೆಗೆ ಡೀಸೆಲಿನಲ್ಲಿ ನೂರಕ್ಕೆ 5 ಪಾಲು ಬಯೋಡೀಸೆಲ್ ಇರಬೇಕೆಂದು ಬಯಸಿತು. ದೇಶದ ಸಾಧನೆ ಇನ್ನೂ ಒಂದು ಪಾಲನ್ನೂ ಮುಟ್ಟಿಲ್ಲ. ಹೊಂಗೆಯ ಸಸಿ ಫಲಕ್ಕೆ ಬರಲು ಐದಾರು ವರ್ಷ ಕಾಯಬೇಕು. ಬೀಜವನ್ನು ಆಯ್ದು, ಸುಲಿದು, ಗಾಣಕ್ಕೆ ಮುಟ್ಟಿಸುವ ಕೂಲಿ ಗಿಟ್ಟಬೇಕು. ಆದರೆ ಡೀಸೆಲಿನೊಡನೆ ಹೊಂಗೆ ಎಂಬ ಮಾತು ಬೇರೆ. ಅನ್ನಕ್ಕೆ ಉಪ್ಪಿನಷ್ಟು ಬೆರೆಯಲು ಹೊಂಗೆಗೆ ಯೋಗ್ಯತೆಯೂ ಉಂಟು, ಶಕ್ತಿಯೂ ಉಂಟು.

ಬೆರೆಸುವವರು ಯಾರು ಎಂಬುದೇ ಇಲ್ಲಿ ಮುಖ್ಯವಾದ ಮಾತು. ಎತ್ತಿನ ಗಾಡಿಯ ಕಾಲದಲ್ಲಿ ಕೀಲಿಗೆ ಎಣ್ಣೆ ಬಿಡುವುದು ಗಾಡಿಯವನ ಕೆಲಸವಾಗಿದ್ದಿತು. ಅವನ ಕಣ್ಣು ಬೆರಳುಗಳೇ ಅಳತೆಯ ಸಾಧನಗಳಾಗಿದ್ದುವು. ಇಂದಿನ ಕೀಲು ಕಣ್ಣಿಗೆ ಕಾಣುವುದಿಲ್ಲ. ಅದರ ಅಳತೆ ಪ್ರಯೋಗಶಾಲೆಯಲ್ಲಿ ಆಗಬೇಕು. ಒಳ್ಳೆಯ ಬಂಕಿನಲ್ಲಿ ಡೀಸೆಲ್ ತುಂಬಿಸುವುದು, ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು, ನೀರು ಬಸಿಯುವ ತಿರುಪನ್ನು ಮರೆಯದೆ ತೆರೆಯುವುದು, ಈ ಮೂರು ಲಾರಿಯವನ ಪಾಲಿನ ಕರ್ತವ್ಯಗಳು. ನಯವನ್ನು ಒದಗಿಸುವುದು ಇಂಧನವನ್ನು ಮಾರುವವರ ಹೊಣೆ. ಅದನ್ನು ಪರೀಕ್ಷಿಸಿ ನೋಡುವುದು ಸರಕಾರದ ಹೊಣೆ. ಈ ಇಬ್ಬರ ಮೇಲೆ ನಂಬಿಕೆ ಬಾರದಿದ್ದಾಗಲೇ ಚಾಲಕನ ಕೈ ಎಣ್ಣೆಯ ಡಬ್ಬಿಯ ಕಡೆಗೆ ಹೋಗುತ್ತದೆ. ಆದುದರಿಂದ ಅವನನ್ನು ಅಜ್ಞಾನಿಯೆಂದು ಹಳಿಯುವುದು ಸುಲಭ. ಅವನಿಗೆ ನಂಬಿಕೆಯ ಇಂಧನವನ್ನು ಕೊಡುವುದು ಕಷ್ಟವಾದರೂ ನ್ಯಾಯ.

ಹಿತ್ತಲ ಗಿಡ ಮದ್ದಲ್ಲವೆಂದು ಗಾದೆ ಹೇಳುತ್ತದೆ. ದಕ್ಷಿಣ ಬೆಂಗಳೂರಿನ ಮಟ್ಟಿಗೆ ಈ ಗಾದೆ ಬೀದಿಬೀದಿಯಲ್ಲಿ ನಿಂತಿದೆ. ಜಯನಗರದಲ್ಲಿ ಅಡ್ಡರಸ್ತೆಗಳಿಗೆ ನೆರಳು ಹಿಡಿದಿರುವ ಹೊಂಗೆಗಳು ಯುಗಾದಿಯ ಹೊತ್ತಿಗೆ ತಿಳಿನೇರಳೆಯ ಹೂವನ್ನು ಕಾಲುದಾರಿಯ ಮೇಲೆ ಹಾಸುತ್ತವೆ. ಹಿಂದಿನ ವರ್ಷದ ಕಾಯಿಗಳು ಒಣಗಿ ಉದುರುತ್ತವೆ. ಒಂದೊಂದು ಕಾಯಿಯಲ್ಲಿಯೂ ಒಂದು, ಅಪರೂಪಕ್ಕೆ ಎರಡು ಬೀಜ. ಬೀಜದ ಕಾಲುಪಾಲಿಗೂ ಮೀರಿ ಎಣ್ಣೆ. ಮುಂಜಾನೆಯ ಪೊರಕೆ ಅವನ್ನು ಎಲೆಯೊಡನೆ ಗುಡಿಸಿ ಗುಡ್ಡೆ ಹಾಕುತ್ತದೆ. ಕಸದ ಲಾರಿ ಬಂದು ಹೇರಿಕೊಂಡು ಹೋಗುತ್ತದೆ. ಆ ಲಾರಿ ಓಡುವುದೂ ಡೀಸೆಲಿನಿಂದಲೇ.